ನೂರ ಹದಿನೆಂಟನೆಯ ವೈರು

ಒಂದು ಗೇಣು ವೈರು, ಅಷ್ಟೇ ತಾನೆ, ಎಂದು ಮೋಹಿನಿ ವಿಠ್ಠಲವಾಡಿ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ತನಗೇ ಹೇಳಿಕೊಂಡಳು. ಬೆಳಿಗ್ಗೆ ಎದ್ದಾಗಿನಿಂದ ಇದನ್ನೇ ಹೇಳಿಕೊಳ್ಳುತ್ತಿದ್ದಳು. ಅಕ್ಕಿ ತೊಳೆಯುವಾಗ, ಮಗಳು ಪ್ರೇಕ್ಷಾಳ ಡಬ್ಬಿಯ ಮುಚ್ಚಳ ಒತ್ತುವಾಗ, ಚಪ್ಪಲಿ ಮೆಟ್ಟುವಾಗ. ಹೇಳಿಕೊಂಡಷ್ಟೂ ಅದು ಉದ್ದವಾಗುತ್ತ ಬರುತ್ತಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಅವಳ ಕೈಯಿಂದ ಹಾದುಹೋದ ವೈರನ್ನೆಲ್ಲ ಒಂದಕ್ಕೊಂದು ಕಟ್ಟಿದರೆ ಇಲ್ಲಿಂದ ಉಡುಪಿಗೆ ಹೋಗಿ ಬಂದು ಇನ್ನೂ ಮಿಗುತ್ತದೆ ಎಂದು ಜೊತೆಗೆ ಕೆಲಸ ಮಾಡುವ ಲಕ್ಷ್ಮೀಕಾಂತ ಒಮ್ಮೆ ತಮಾಷೆ ಮಾಡಿದ್ದ. ಅಷ್ಟು ವೈರು ಒಂದು ದಿನವೂ ಅವಳ ನಿದ್ದೆ ಕೆಡಿಸಿರಲಿಲ್ಲ. ಕೆಡಿಸಿದ್ದು ನಾಲ್ಕು ವರ್ಷದ ಹಿಂದಿನ ಒಂದು ಗೇಣು ಮತ್ತು ನಿನ್ನೆ ಸಂಜೆಯ ಒಂದು ಗೇಣು. ರೈಲು ಬಂತು. ಕಲ್ಯಾಣದಲ್ಲಿ ನುಗ್ಗಿದ ಹೆಂಗಸರು ಅವಳನ್ನು ಬಾಗಿಲಿನಿಂದ ಮೂರನೆಯ ಸೀಟಿನ ತನಕ ತಳ್ಳಿಕೊಂಡು ಬಂದರು. ಅಲ್ಲಿ ಮಡಿಲಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದ ಒಬ್ಬಾಕೆ ಅವಳ ಬೆರಳಿನ ಗಾಯದ ಗುರುತುಗಳನ್ನು ನೋಡಿ, "ತಾಈ, ಕುಠೇ ಕಾಮಾಲಾ?" ಎಂದು ಮರಾಠಿಯಲ್ಲಿ ಕೆಲಸದ ಜಾಗ ಕೇಳಿದಳು. ಡೊಂಬಿವಲಿಯ ಕಂಪನಿಯಲ್ಲಿ ಎಂದಳು ಮೋಹಿನಿ. "ಪ್ಯಾಕಿಂಗ್‌ಲಾ?" ಎಂದಳು ಆಕೆ. ಹೌದು, ಪ್ಯಾಕಿಂಗಿಗೆ, ಎಂದುಬಿಟ್ಟಳು ಮೋಹಿನಿ. ಯಾಕೆ ಹಾಗೆಂದೆ ಎಂದು ಠಾಕುರ್ಲಿ ದಾಟುವ ತನಕ ತನ್ನನ್ನೇ ಬೈದುಕೊಂಡಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹೆಲ್ಪರ್ ಎಂದಿದೆ. ಪ್ರೇಕ್ಷಾಳ ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗದ ಜಾಗದಲ್ಲಿ ಹುಡುಗಿ ತಾನೇ ಹೌಸ್‌ವೈಫ್ ಎಂದು ಬರೆದಿದ್ದಾಳೆ. ಕೇಳಿದರೆ, "ಮಮ್ಮೀ, ವಹೀ ಈಸೀ ಹೈ" ಅಂದಳು. ಎಲ್ಲರಿಗೂ ಸುಲಭವಾದದ್ದನ್ನೇ ಇವಳೂ ಹೇಳುತ್ತ ಬಂದಿದ್ದಾಳೆ.

ಮೋಹಿನಿ ಕಟ್ಟುವುದು ಕಂಟ್ರೋಲ್ ಪ್ಯಾನೆಲ್. ಕಾರ್ಖಾನೆಯಲ್ಲಿ ಯಂತ್ರದ ಪಕ್ಕ ನಿಂತಿರುತ್ತದಲ್ಲ, ಬೂದು ಬಣ್ಣದ ಕಬ್ಬಿಣದ ಕಪಾಟು, ಅದು. ಮೋಟಾರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಅದರ ಹೊಟ್ಟೆಯೊಳಗಿನ ವೈರುಗಳಿಗೆ ಗೊತ್ತು. ಹೊರಗಿನಿಂದ ನೋಡಿದವರಿಗೆ ನಾಲ್ಕು ಗುಂಡಿ, ನಾಲ್ಕು ದೀಪ. ಒಳಗೆ ನೂರಾರು ವೈರು. ಪ್ರತಿ ವೈರಿನ ಎರಡು ತುದಿಗೂ ಪುಟ್ಟ ಬಿಳಿ ಕೊಳವೆ, ಕೊಳವೆಯ ಮೇಲೆ ನಂಬರು. ಈ ತುದಿಯಲ್ಲಿ ನಲವತ್ತೆರಡು ಎಂದಿದ್ದರೆ ಆ ತುದಿಯಲ್ಲೂ ನಲವತ್ತೆರಡೇ. ನಂಬರಿಲ್ಲದ ವೈರನ್ನು ಮೋಹಿನಿ ಹತ್ತೊಂಬತ್ತು ವರ್ಷಗಳಲ್ಲಿ, ಒಂದೇ ಒಂದರ ಹೊರತು, ಬಿಟ್ಟವಳಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಆ ಗಾಲಾ ಎಂಬ ಪುಟ್ಟ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ಸ್ಕ್ರೂ ಡ್ರೈವರ್ ಹಿಡಿಯಲೂ ಬರುತ್ತಿರಲಿಲ್ಲ. ಈಗ ಡ್ರಾಯಿಂಗ್ ಬಿಡಿಸಿದವರಿಗೇ ಎಲ್ಲಿ ತಪ್ಪಿದೆ ಎಂದು ತೋರಿಸುತ್ತಾಳೆ. ತೋರಿಸುವುದು ಮಾತ್ರ ಒಳಗೊಳಗೆ. ಗಿರಾಕಿಯ ಕಡೆಯಿಂದ ಇನ್ಸ್‌ಪೆಕ್ಷನ್‌ಗೆ ಎಂಜಿನಿಯರ್ ಬರುವ ದಿನ ಅವಳು ನೀಲಿ ಕೋಟು ಬಿಚ್ಚಿ ಮೊಳೆಗೆ ಹಾಕಿ, ಚಹಾ, ಇಡ್ಲಿ-ವಡೆ ನೋಡಿಕೊಳ್ಳಬೇಕು. ಐಟಿಐ ಸರ್ಟಿಫಿಕೇಟು ಇಲ್ಲದ ಹೆಂಗಸು ವೈರಿಂಗ್ ಮಾಡಿದ್ದು ಎಂದು ಗೊತ್ತಾದರೆ ಆರ್ಡರು ಕೈತಪ್ಪುತ್ತದಂತೆ. ಕಾಗದದಲ್ಲಿ ವೈರಿಂಗ್ ಮಾಡಿದವನು ಲಕ್ಷ್ಮೀಕಾಂತ. ಧಾರವಾಡದ ಕಡೆಯವನು, ಒಳ್ಳೆಯ ಮನುಷ್ಯ, ಲೈಸೆನ್ಸು ಇದೆ, ಸಹಿ ಹಾಕುತ್ತಾನೆ. ಸಹಿ ಹಾಕುವಾಗ ಮೋಹಿನಿಯ ಮುಖ ನೋಡುವುದಿಲ್ಲ.

ಈ ಸಲದ ಪ್ಯಾನೆಲ್ ಭಿವಂಡಿಯ ಒಂದು ಗೋದಾಮಿಗೆ. ಪಾರ್ಸಲ್ ಹೊತ್ತು ಓಡುವ ಉದ್ದನೆಯ ಬೆಲ್ಟು, ಬೆಲ್ಟಿನುದ್ದಕ್ಕೂ ಹನ್ನೆರಡು ಹಳದಿ ಡಬ್ಬಿ, ಪ್ರತಿ ಡಬ್ಬಿಗೂ ಅಣಬೆಯ ತಲೆಯಂಥ ಒಂದು ಕೆಂಪು ಗುಂಡಿ. ಯಾರದಾದರೂ ಸೆರಗೋ ಕೈಯೋ ಸಿಕ್ಕಿಕೊಂಡರೆ ಹತ್ತಿರದ ಗುಂಡಿ ಒತ್ತಬೇಕು, ಇಡೀ ಬೆಲ್ಟು ನಿಲ್ಲಬೇಕು. ಹನ್ನೆರಡೂ ಗುಂಡಿಗಳ ಮಾತು ಕೇಳಿಸಿಕೊಳ್ಳುವುದು ಪ್ಯಾನೆಲಿನೊಳಗಿನ ಒಂದು ಸೇಫ್ಟಿ ರಿಲೇ. ಆ ರಿಲೇಯೇ ಬಂದಿರಲಿಲ್ಲ. ನಿನ್ನೆ ಸಂಜೆ ಎಲ್ಲರೂ ಹೊರಟ ಮೇಲೆ ಮಾಲೀಕ ಪ್ರೇಮನಾಥ ಅವಳ ಬೆಂಚಿನ ಹತ್ತಿರ ಬಂದು ಸ್ಟೂಲು ಎಳೆದು ಕೂತ. ಪ್ರೇಮಣ್ಣನದೊಂದು ಕ್ರಮವಿದೆ. ಆಜ್ಞೆ ಮಾಡುವುದಾದರೆ ಹಿಂದಿ, ಕನ್ನಡ ಸಂಘದ ಸಭೆಯಲ್ಲಾದರೆ ಕನ್ನಡ, ತಪ್ಪು ಕೆಲಸ ಮಾಡಿಸುವುದಾದರೆ ಮಾತ್ರ ಮನೆಯ ತುಳು. ಅವನು ತುಳುವಿನಲ್ಲಿ ಶುರುಮಾಡಿದ ಕೂಡಲೇ ಮೋಹಿನಿ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟಳು. ನಾಳೆ ಇನ್ಸ್‌ಪೆಕ್ಷನ್ ತಪ್ಪಿದರೆ ಈ ಆರ್ಡರು ಹೋಯಿತು, ಈ ಆರ್ಡರು ಹೋದರೆ ಗಾಲಾದ ಬಾಗಿಲು ಹಾಕಿದ ಹಾಗೆ, ಹದಿನಾಲ್ಕು ಮನೆಯ ಒಲೆ ಮೋಹಿನೀ, ಎಂದ. ಹಳೆಯ ಪ್ಯಾನೆಲಿನಿಂದ ಬಿಚ್ಚಿಟ್ಟಿದ್ದ ಸುಟ್ಟ ರಿಲೇಯೊಂದನ್ನು ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟ. ಒರೆಸಿ ಹೊಳೆಯುವ ಹಾಗೆ ಮಾಡಿದ್ದ. ಇದನ್ನು ಅದರ ಜಾಗದಲ್ಲಿ ಕೂರಿಸು, ಹಿಂದಿನಿಂದ ಒಂದು ಲೂಪ್ ಹಾಕು, ರಿಲೇಯನ್ನು ದಾಟಿ ಹೋಗುವ ಒಂದು ತುಂಡು ವೈರು, ಮೋಟಾರು ಓಡಿದರೆ ಸಾಕು. ಪ್ಯಾನೆಲಿನ ಬಾಗಿಲ ಮೇಲಿನ ಕೆಂಪು ಗುಂಡಿ ಹೇಗೂ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ, ಅದನ್ನೇ ಒತ್ತಿ ತೋರಿಸೋಣ. ಹೊಸ ರಿಲೇ ಮುಂದಿನ ವಾರ ಬಂತೆಂದರೆ ಲಕ್ಷ್ಮೀಕಾಂತ ಹೋಗಿ ಹಾಕಿ ಬರುತ್ತಾನೆ. ಮೋಹಿನಿ ರಿಲೇ ಎತ್ತಿ ಅದರ ಜಾಗದಲ್ಲಿ ಕೂರಿಸಿದಳು. ಗಂಡ ಯತಿನ್ ಕಾಮಾಲೆಯಾಗಿ ಮಲಗಿದಾಗ ಆಸ್ಪತ್ರೆಗೆ ತನ್ನ ಕಾರಿನಲ್ಲಿ ಕರೆದೊಯ್ದವನು ಇದೇ ಪ್ರೇಮಣ್ಣ. ಹೆಂಡತಿಯ ಕೈಯಲ್ಲಿ ಒಂದೂವರೆ ತಿಂಗಳು ಗಂಜಿ ಕಳಿಸಿದವನು ಇದೇ ಪ್ರೇಮಣ್ಣ. ಆ ಗಂಜಿಯ ಋಣ ಅವಳ ಗಂಟಲಲ್ಲಿ ಮಾತಿಗಿಂತ ಮೊದಲೇ ಬಂದು ಕೂರುತ್ತದೆ. ಬೂದು ವೈರು ಕತ್ತರಿಸಿದಳು, ತುದಿ ಸುಲಿದಳು, ಲೋಹದ ಲಗ್ಗು ಒತ್ತಿದಳು, ಹಿಂದಿನಿಂದ ಬಿಗಿದಳು, ಯಾರ ಕಣ್ಣಿಗೂ ಬೀಳದಂತೆ ವೈರುಗಳು ಹಾಯುವ ಡಕ್ಟಿನ ಒಳಗೆ ಬಾಗಿಸಿ ಮುಚ್ಚಿದಳು. ಎಲ್ಲ ಸೇರಿ ಆರು ನಿಮಿಷ. ಅಚ್ಚುಕಟ್ಟಾಗಿಯೇ ಮಾಡಿದಳು, ಅದೇ ಅವಳಿಗೆ ಅಸಹ್ಯ.

ಒತ್ತಿದ್ನಿ ಯವ್ವಾ, ಖರೇನ ಒತ್ತಿದ್ನಿ, ಎಂದಿದ್ದಳು ಸಾಬವ್ವ. ಡೊಂಬಿವಲಿಯಲ್ಲಿ ಇಳಿದು ಶೇರ್ ರಿಕ್ಷಾದ ಸಾಲಿನಲ್ಲಿ ನಿಂತಾಗ ಆ ದನಿ ಎಂದಿನಂತೆ ಕಿವಿಯ ಹಿಂದಿನಿಂದ ಬಂತು. ನಾಲ್ಕು ವರ್ಷದ ಹಿಂದೆ ಭಿವಂಡಿಯ ಒಂದು ಸೈಜಿಂಗ್ ಕಾರ್ಖಾನೆಗೆ, ನೂಲಿಗೆ ಗಂಜಿ ಹಾಕುವ ಯಂತ್ರಕ್ಕೆ, ಮೋಹಿನಿಯೇ ಪ್ಯಾನೆಲ್ ಕಟ್ಟಿದ್ದಳು. ಆಗಲೂ ಒಂದು ಬಿಡಿಭಾಗ ಬಂದಿರಲಿಲ್ಲ, ಆಗಲೂ ಪ್ರೇಮಣ್ಣ ತುಳುವಿನಲ್ಲಿ ಮಾತಾಡಿದ್ದ, ಆಗಲೂ ಲೂಪ್ ಹಾಕಿಸಿ ಮುಂದಿನ ವಾರ ಎಂದಿದ್ದ. ಆ ಮುಂದಿನ ವಾರ ಬರಲೇ ಇಲ್ಲ. ಎಲ್ಲರೂ ಮರೆತರು, ಮೋಹಿನಿ ಮರೆಯದಿದ್ದರೂ ಕೇಳಲಿಲ್ಲ. ಐದು ತಿಂಗಳ ಮೇಲೆ ಲಕ್ಷ್ಮೀಕಾಂತ ಊಟದ ಡಬ್ಬಿ ಬಿಚ್ಚುತ್ತ ತಗ್ಗಿದ ದನಿಯಲ್ಲಿ ಹೇಳಿದ: "ಆ ಸೈಜಿಂಗ್ ಮಷೀನ್‌ನಾಗ ಒಬ್ಬಾಕಿ ಕೈ ಸಿಕ್ಕೈತ್ರೀ ಅಕ್ಕಾರ. ಎರಡು ಬಳ್ಳು ಹೋಗ್ಯಾವ. ಯಾದಗಿರಿ ಕಡೀಯಾಕಿ, ಸಾಬವ್ವ ಅಂತ." ಮೋಹಿನಿ ಆ ದಿನ ಅನ್ನ ಚೆಲ್ಲಿದಳು. ಆದರೆ ಅನ್ನ ಚೆಲ್ಲುವುದಕ್ಕೆ ಮೊದಲು ಅವಳ ಮನಸ್ಸಿಗೆ ಬಂದ ಮೊದಲನೆಯ ಮಾತು ಬೇರೆ. ಸದ್ಯ, ನನ್ನ ಹೆಸರು ಎಲ್ಲೂ ಇಲ್ಲ, ಎಂಬ ಮಾತು. ಆ ಒಂದು ಕ್ಷಣದ ನೆಮ್ಮದಿಯನ್ನು ಅವಳು ಇಂದಿಗೂ ಕ್ಷಮಿಸಿಲ್ಲ. ಎಲ್ಲೂ ಹೆಸರಿಲ್ಲವೆಂದು ಅಷ್ಟು ವರ್ಷ ಕೊರಗಿದವಳು, ಹೆಸರಿಲ್ಲದ್ದಕ್ಕೆ ಅಂದು ದೇವರಿಗೆ ಕೈ ಮುಗಿದಿದ್ದಳು.

ಒಂದು ಭಾನುವಾರ ಕಲ್ಯಾಣದಿಂದ ಬಸ್ಸು ಹಿಡಿದು ಭಿವಂಡಿಗೆ ಹೋದಳು, ಅರ್ಧ ಡಜನ್ ಬಾಳೆಹಣ್ಣು ಹಿಡಿದುಕೊಂಡು. ಬಾಳೆಹಣ್ಣು! ಈಗ ನೆನೆದರೂ ಮುಖ ಸುಡುತ್ತದೆ. ಮಗ್ಗಗಳ ಸದ್ದಿಗೆ ಗೋಡೆಯೇ ನಡುಗುವ ಗಲ್ಲಿಯೊಳಗೆ, ತಗಡಿನ ಕೋಣೆಯ ಹೊಸ್ತಿಲಲ್ಲಿ ಸಾಬವ್ವ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಕನ್ನಡ ಸಂಘದ ಕಡೆಯಿಂದ ಬಂದೆ ಎಂದು ಮೋಹಿನಿ ಸುಳ್ಳು ಹೇಳಿದಳು. "ಬಾ ಯವ್ವಾ, ಕುಂದ್ರು. ನಮ್ಮ ಮಾತಾಡೋರು ಇಲ್ಲಿ ಯಾರ ಬರ್ತಾರ," ಎಂದು ಆಕೆ ಎಡಗೈಯಿಂದಲೇ ನೀರು ಕೊಟ್ಟಳು. ಹೋದ ಎರಡು ಬೆರಳಿನ ಮಾತು ಆಕೆ ಹೆಚ್ಚು ಆಡಲಿಲ್ಲ. "ಗುಂಡಿ ಒತ್ತಿದ್ನಿ. ಒಮ್ಮೆ ಅಲ್ಲ, ಮೂರು ಸಲ ಒತ್ತಿದ್ನಿ. ಮಷೀನ್ ನಿಲ್ಲಲಿಲ್ಲ. ಈಗ ಎಲ್ಲಾರೂ ಅಂತಾರ, ಈಕಿ ಹೆದರಿ ಎಲ್ಲೆಲ್ಲೋ ಒತ್ಯಾಳ, ಇಲ್ಲಾ ಒತ್ತೇ ಇಲ್ಲ ಅಂತ. ಸಾಹೇಬರು ಹಂಗ ಬರಕೊಂಡು ಹೋದ್ರು. ನನ್ನ ಗಂಡನೂ ಕೇಳ್ತಾನ, ಖರೇ ಹೇಳ, ಒತ್ತಿದ್ಯಾ ಅಂತ. ಬಳ್ಳು ಹೋದ್ವು, ಹೋಗ್ಲಿ. ಸುಳ್ಳಾಕಿ ಅನಿಸ್ಕೊಂಡ್ನೆಲ್ಲಾ, ಅದು ಹೋಗವಲ್ದು ನೋಡ." ಮೋಹಿನಿ ನೀರಿನ ಲೋಟ ಹಿಡಿದು ಕೂತೇ ಇದ್ದಳು. ಲೋಕದಲ್ಲಿ ಆಕೆ ಒತ್ತಿದ್ದಾಳೆ ಎಂದು ಖಂಡಿತವಾಗಿ ಗೊತ್ತಿದ್ದವಳು ತಾನೊಬ್ಬಳೇ. ನೂರು ಸಲ ಒತ್ತಿದ್ದರೂ ಅದು ನಿಲ್ಲುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದಳು. ಬಂದದ್ದು, ಆಯಿತಮ್ಮ, ಬಸ್ಸಿಗೆ ಹೊತ್ತಾಯಿತು, ಎಂಬ ಮಾತು. ಬಾಳೆಹಣ್ಣಿನ ಚೀಲವನ್ನು ಹೊಸ್ತಿಲಲ್ಲಿಟ್ಟು ಓಡಿ ಬಂದಳು. ಅಂದಿನಿಂದ ಓಡುತ್ತಲೇ ಇದ್ದಾಳೆ.

ರಿಕ್ಷಾ ಇಳಿದು ಕೆಮಿಕಲ್ ಕಂಪನಿಗಳ ಕೊಳೆತ ಮೊಟ್ಟೆಯ ವಾಸನೆಯೊಳಗೆ ನಡೆದು ಗಾಲಾ ಸೇರಿದರೆ ಪ್ರೇಮನಾಥ ಪ್ಯಾನೆಲಿನ ಬಾಗಿಲು ತೆರೆದುಕೊಂಡು ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಮೊಬೈಲಿನ ಟಾರ್ಚು. "ಮೋಹಿನಿ, ಇಲ್ಲಿ ಬಾ," ಎಂದ, ಇವತ್ತು ಕನ್ನಡದಲ್ಲಿ. "ಇದೆಂಥದ್ದು?" ಡಕ್ಟಿನ ಮುಚ್ಚಳ ಸರಿಸಿದ್ದ. ನಿನ್ನೆಯ ಬೂದು ಲೂಪು ಕಾಣುತ್ತಿತ್ತು. ಅದರ ಎರಡು ತುದಿಗೂ ಪುಟ್ಟ ಬಿಳಿ ಕೊಳವೆ, ಕೊಳವೆಯ ಮೇಲೆ ಅವಳದೇ ದುಂಡು ಅಕ್ಷರದಲ್ಲಿ ೧೧೮. "ಡ್ರಾಯಿಂಗಿನಲ್ಲಿ ವೈರು ನೂರ ಹದಿನೇಳಕ್ಕೆ ಮುಗಿಯುತ್ತದೆ. ಈ ನೂರ ಹದಿನೆಂಟು ಎಲ್ಲಿಂದ ಬಂತು ಮಾರಾಯ್ತಿ? ಕಳ್ಳತನ ಮಾಡಿ ವಿಸಿಟಿಂಗ್ ಕಾರ್ಡ್ ಇಟ್ಟು ಬರುತ್ತಾರಾ ಯಾರಾದರೂ?" ಲಕ್ಷ್ಮೀಕಾಂತ ಅಡ್ಡ ತಿರುಗಿ ನಿಂತ. ಡ್ರಿಲ್ಲಿಂಗಿನವರು, ಪೇಂಟಿನವರು ಎಲ್ಲ ನೋಡುತ್ತಿದ್ದರು. ಮೋಹಿನಿ ಬೆರಗಾಗಿ ಆ ನಂಬರನ್ನೇ ನೋಡಿದಳು. ಹಾಕಿದ ನೆನಪೇ ಇಲ್ಲ. ವೈರು ಎಂದಮೇಲೆ ನಂಬರು. ಪಟ್ಟಿ ನೂರ ಹದಿನೇಳಕ್ಕೆ ಮುಗಿದಿದ್ದರೆ ಮುಂದಿನದು ನೂರ ಹದಿನೆಂಟು. ಕೈ ತನ್ನ ಪಾಡಿಗೆ ತಾನು ಪೆನ್ನು ಹಿಡಿದು ಬರೆದು ತೊಡಿಸಿದೆ. "ತಪ್ಪಾಯಿತು ಪ್ರೇಮಣ್ಣ, ಅಭ್ಯಾಸ ಬಲದಿಂದ..." ಎಂದಳು. "ಸರ್ವೀಸೆಷ್ಟು ನಿನ್ನದು? ಇದು ಹೊಸಬರಿಗೂ ಗೊತ್ತುಂಟು. ತೆಗೆ, ತೆಗೆ, ಮೇಡಂ ಹತ್ತೂವರೆಗೆ ಬರುತ್ತಾರೆ."

ತೆಗೆಯಬೇಕಾದರೆ ತುದಿ ಬಿಚ್ಚಬೇಕು, ಕೊಳವೆ ಜಾರಿಸಬೇಕು, ಮತ್ತೆ ಬಿಗಿಯಬೇಕು. ಹದಿನಾಲ್ಕು ಜನರ ಎದುರು, ತಪ್ಪು ಲೆಕ್ಕ ಒರೆಸುವ ಶಾಲೆಯ ಹುಡುಗಿಯ ಹಾಗೆ ಕೂತು ಮೋಹಿನಿ ಅದನ್ನು ಮಾಡಿದಳು. ನಿನ್ನೆ ಯಾರೂ ನೋಡದೆ ಮಾಡಿದ ಕೆಲಸವನ್ನು ಇವತ್ತು ಎಲ್ಲರೂ ನೋಡಿ, ಯಾರೂ ಏನೂ ಕೇಳಲಿಲ್ಲ. ಲೂಪ್ ಹಾಕಿದ್ದು ತಪ್ಪೆಂದು ಅಲ್ಲ, ಅದಕ್ಕೆ ನಂಬರು ಹಾಕಿದ್ದು ತಪ್ಪೆಂದು ಬೈಸಿಕೊಂಡೆನಲ್ಲ ಎನ್ನುವಾಗ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು ಬಂತು. ಅಂಥ ಸಿಟ್ಟು ಅವಳಿಗೆ ಎಷ್ಟೋ ಕಾಲದಿಂದ ಬಂದಿರಲಿಲ್ಲ. ಬೆಚ್ಚಗಿತ್ತು, ಹಿತವಾಗಿತ್ತು. ಕೈ ನಿಜವಾಗಿಯೂ ಅಭ್ಯಾಸದಿಂದ ಬರೆಯಿತೇ? ನಾಲ್ಕು ವರ್ಷದ ಹಿಂದಿನ ಲೂಪಿಗೆ ಅದು ಬರೆದಿರಲಿಲ್ಲವಲ್ಲ. ತಲೆಗೆ ಇಲ್ಲದ ಮರ್ಯಾದೆ ಕೈಗಿದೆ ಎಂದುಕೊಂಡಳು. ಬಿಚ್ಚಿದ ಎರಡು ಕೊಳವೆಗಳನ್ನು ಕಸದ ಡಬ್ಬಿಗೆ ಎಸೆದು, ನೀಲಿ ಕೋಟು ಬಿಚ್ಚಿ ಮೊಳೆಗೆ ಹಾಕಿದಳು.

ಗಿರಾಕಿಯ ಘಣಸೋಲಿ ಆಫೀಸಿನಿಂದ ಬಂದ ಎಂಜಿನಿಯರ್ ಹೆಂಗಸು ಎಂದು ಮೇಡಂ ಎಂಬ ಮಾತಿನಿಂದಲೇ ಮೋಹಿನಿಗೆ ಗೊತ್ತಾಗಬೇಕಿತ್ತು, ಆದರೂ ಕಾರಿನಿಂದ ಇಳಿದ ಹುಡುಗಿಯನ್ನು ಕಂಡು ಅವಳು ಬಾಗಿಲ ತನಕ ಬಂದಳು. ಇಪ್ಪತ್ತಾರೋ ಇಪ್ಪತ್ತೇಳೋ, ಜೀನ್ಸು, ಸೇಫ್ಟಿ ಶೂ, ಕೊರಳಲ್ಲಿ ದಿಶಾ ಎಂಬ ಹೆಸರಿನ ಗುರುತುಚೀಟಿ. ಗುರುತುಚೀಟಿಯಲ್ಲಿನ ಅಡ್ಡಹೆಸರು ನೋಡಿ ಪ್ರೇಮನಾಥ ಅರಳಿದ. "ಮೇಡಂ, ನಿಮ್ಮದು ನಮ್ಮ ಊರಿನ ಕಡೆಯೇ ಅಲ್ವಾ?" "ಹಾಂ, ಪಪ್ಪಾ ಕಾ ಗಾಂವ್, ಮೂಲ್ಕಿ. ಕನ್ನಡಾ ಸಮಝ್ತೀ ಹೂಂ, ಬೋಲ್ನೇ ಮೇಂ ಥೋಡಾ ಪ್ರಾಬ್ಲಮ್," ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಕಷ್ಟ ಎಂದು ಹುಡುಗಿ ನಕ್ಕಳು. ಇವಳು ಕಾಣುತ್ತಾಳೆ, ಇವಳಿಗೆ ನನ್ನ ಕೈ ಕಂಡೇ ಕಾಣುತ್ತದೆ, ಎಂದು ಮೋಹಿನಿಗೆ ಯಾಕೋ ಅನ್ನಿಸಿತು. ಹೆಂಗಸಿನ ಕಣ್ಣಿಗೆ ಹೆಂಗಸಿನ ಬೆರಳ ಗಾಯ ಕಾಣದೇ ಇದ್ದೀತೇ. ದಿಶಾ ಅವಳ ಕಡೆ ತಿರುಗಿ, "ಆಂಟೀ, ಏಕ್ ಚಾಯ್ ಮಿಲೇಗೀ? ಶಕ್ಕರ್ ಕಮ್," ಎಂದಳು. ಮೋಹಿನಿ ಶಕ್ಕರ್ ಕಮ್ ಮಾಡಿದಳು.

ಬಟ್ಟಲಿಗೆ ಚಟ್ನಿ ಸುರಿಯುತ್ತ ಅವಳು ಕೇಳಿಸಿಕೊಳ್ಳುತ್ತಿದ್ದಳು. ಬಣ್ಣದ ದಪ್ಪ ಅಳೆದರು, ತಾಮ್ರದ ಪಟ್ಟಿಗಳ ಅಂತರ ಅಳೆದರು. ಲಕ್ಷ್ಮೀಕಾಂತ ವೈರಿನ ಹೊದಿಕೆ ಪರೀಕ್ಷಿಸುವ ಮೆಗ್ಗರ್ ತಿರುಗಿಸಿ ರೀಡಿಂಗ್ ಹೇಳಿದ, ಪೆನ್ನು ಟಿಕ್ ಹಾಕಿತು. ಬಿಡಿಭಾಗಗಳ ಪಟ್ಟಿ ಓದಿದರು. ಸೇಫ್ಟಿ ರಿಲೇ ಒಂದು, ಇದೆ, ಟಿಕ್. ಸತ್ತ ರಿಲೇ ಹೆಣದ ಹಾಗೆ ನೆಟ್ಟಗೆ ಕೂತು ಟಿಕ್ ಹಾಕಿಸಿಕೊಂಡಿತು. ಆಮೇಲೆ ಬಾಗಿಲು ಪೂರ್ತಿ ತೆರೆದು ಒಳಗೆ ನೋಡಿದ ಹುಡುಗಿ ಪೆನ್ನು ಕೆಳಗಿಳಿಸಿದಳು. "ಕ್ಯಾ ಬಾತ್ ಹೈ," ಎಂದಳು ನಿಧಾನವಾಗಿ. "ಇತ್ನಾ ಸಾಫ್ ವಾಯರಿಂಗ್ ಮೈನೇ ಇಸ್ ಸಾಲ್ ಮೇಂ ಕಹೀಂ ನಹೀಂ ದೇಖಾ. ಕಿಸ್ನೇ ಕಿಯಾ?" ಇಡ್ಲಿಯ ತಟ್ಟೆ ಹಿಡಿದು ಹೊರಟಿದ್ದ ಮೋಹಿನಿ, ಯಾರು ಮಾಡಿದ್ದು ಎಂದು ಕೇಳಿದ್ದಕ್ಕೆ, ಅಲ್ಲೇ ನಿಂತಳು. ಪ್ರೇಮನಾಥ ಲಕ್ಷ್ಮೀಕಾಂತನ ಬೆನ್ನಿನ ಮೇಲೆ ಕೈಯಿಟ್ಟು ಮುಂದೆ ದೂಡಿದ. "ಯೇ ಹಮಾರಾ ಲಕ್ಷ್ಮೀಕಾಂತ್. ಬೀಸ್ ಸಾಲ್ ಕಾ ಹಾಥ್ ಹೈ, ಮೇಡಂ." ಲಕ್ಷ್ಮೀಕಾಂತ ನೆಲ ನೋಡುತ್ತ ಹಲ್ಲು ಬಿಟ್ಟ.

ತಟ್ಟೆ ಭಾರವಾಗಿರಲಿಲ್ಲ, ಆದರೆ ಮೋಹಿನಿಯ ಮಣಿಕಟ್ಟು ನೋಯತೊಡಗಿತು. ನನ್ನದು ಎಂದು ಕೂಗಬೇಕೆನ್ನಿಸಿತು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಒಬ್ಬರು ಆ ಕೆಲಸದ ಮುಂದೆ ನಿಂತು ಉಸಿರು ಹಿಡಿದಿದ್ದಾರೆ, ಆ ಹೊಗಳಿಕೆ ತನ್ನ ಎದುರಿಗೇ ಬೇರೆಯವರ ಜೇಬಿಗೆ ಹೋಗುತ್ತಿದೆ. ನನ್ನದು ಎನ್ನಲು ತುಟಿ ತೆರೆದದ್ದೂ ಹೌದು. ಆಗಲೇ ಹೊಳೆದದ್ದು: ನನ್ನದು ಎಂದರೆ ಎಲ್ಲವೂ ನನ್ನದು. ನೂರ ಹದಿನೇಳು ನನ್ನವು, ನೂರ ಹದಿನೆಂಟನೆಯದು ಪ್ರೇಮಣ್ಣನದು ಎಂದು ಹೇಳುವ ಹಾಗಿಲ್ಲ. ಸುಲಿದದ್ದು ಈ ಕೈ, ಬಿಗಿದದ್ದು ಈ ಕೈ. ಹೆಸರು ಬೇಕಾದರೆ ಆ ಗೇಣನ್ನೂ ಸೇರಿಸಿ ತೆಗೆದುಕೊಳ್ಳಬೇಕು. ಬೇಡವಾದರೆ ಚಟ್ನಿ ಬಡಿಸಬೇಕು. ಹೊಗಳಿಕೆ ಬೇಕು, ಬೆರಳಿನ ಪಾಪ ಬೇಡ ಎಂದು ಇಷ್ಟು ದಿನ ಒಳಗೊಳಗೇ ಚೌಕಾಸಿ ಮಾಡುತ್ತ ಬಂದವಳು ತಾನೇ ಎಂದು ಅವಳಿಗೆ ನಿಚ್ಚಳವಾಗಿ ಕಂಡಿತು. ಕಂಡದ್ದರಿಂದ ನಾಚಿಕೆಯಾಯಿತು. ಆದರೆ ಈ ಸಲ ನಾಚಿಕೆ ಅವಳನ್ನು ಕುಗ್ಗಿಸಲಿಲ್ಲ. ಬೇರೆಲ್ಲ ಬಾಗಿಲು ಮುಚ್ಚಿ ಒಂದನ್ನೇ ತೆರೆದು ಬಿಟ್ಟಿತು.

ಟೆಸ್ಟಿಂಗ್ ಸ್ಟ್ಯಾಂಡಿನ ಮೇಲಿನ ಮೋಟಾರು ಚಾಲೂ ಆಯಿತು. ಪ್ರೇಮನಾಥ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. "ಅಬ್ ಎಮರ್ಜೆನ್ಸೀ," ಎಂದಳು ದಿಶಾ. ಲಕ್ಷ್ಮೀಕಾಂತ ಬಾಗಿಲ ಮೇಲಿನ ಕೆಂಪು ಗುಂಡಿ ಒತ್ತಿದ. ಟಕ್. ಮೋಟಾರು ನಿಂತಿತು. "ಗುಡ್. ಔರ್ ಫೀಲ್ಡ್ ವಾಲಾ?" ಎಂದು ಅವಳು ಹನ್ನೆರಡು ಹಳದಿ ಡಬ್ಬಿಗಳ ಬಗ್ಗೆ ಕೇಳಿದಳು. ಹನ್ನೊಂದು ಡಬ್ಬಿ ಪೆಟ್ಟಿಗೆಯಲ್ಲಿ ಪ್ಯಾಕಾಗಿದ್ದವು, ಒಂದನ್ನು ಮಾತ್ರ ನೋಡುವುದಕ್ಕಿರಲಿ ಎಂದು ಕೇಬಲ್ ಜೋಡಿಸಿ ಮೇಜಿನ ಮೇಲಿಟ್ಟಿದ್ದರು. "ಸೇಮ್ ಸರ್ಕಿಟ್ ಹೈ ಮೇಡಂ. ವೋ ಸೈಟ್ ಪೇ ದಿಖಾ ದೇಂಗೇ. ಪಹಲೇ ಗರಂ ಗರಂ ಇಡ್ಲೀ," ಎಂದ ಪ್ರೇಮನಾಥ. ಮೋಟಾರು ಮತ್ತೆ ಓಡತೊಡಗಿತ್ತು. ಹುಡುಗಿ ಗಡಿಯಾರ ನೋಡಿದಳು, ಮಧ್ಯಾಹ್ನ ತಳೋಜಾದಲ್ಲಿ ಇನ್ನೊಂದು ಇನ್ಸ್‌ಪೆಕ್ಷನ್ ಇತ್ತೆಂದು ಕಾಣುತ್ತದೆ. ಟಿಕ್ ಹಾಕಲು ಪೆನ್ನು ಬಗ್ಗಿಸಿದಳು.

ಮೋಹಿನಿ ತಟ್ಟೆಯನ್ನು ಮೆಗ್ಗರಿನ ಪಕ್ಕ ಇಟ್ಟಳು. ಮೇಜಿನ ಹತ್ತಿರ ಹೋಗಿ ಹಳದಿ ಡಬ್ಬಿಯ ಕೆಂಪು ಗುಂಡಿಯನ್ನು ಅಂಗೈಯಿಂದ ಒತ್ತಿದಳು.

ಮೋಟಾರು ಓಡುತ್ತಲೇ ಇತ್ತು.

ಗುಂಡಿ ತಿರುಗಿಸಿ ಬಿಡಿಸಿ ಮತ್ತೊಮ್ಮೆ ಒತ್ತಿದಳು. ಮತ್ತೊಮ್ಮೆ. ಒಂದು ಕಡೆ ಗುಂಡಿ ಒಳಗೆ ಹೋಗಿ ಕಚ್ಚಿಕೊಂಡು ಕೂತಿದೆ, ಇನ್ನೊಂದು ಕಡೆ ಮೋಟಾರು ಕೇಳಿಸಿಯೇ ಇಲ್ಲವೆಂಬಂತೆ ಗುಂಯ್‌ಗುಡುತ್ತಿದೆ. ಪ್ರೇಮನಾಥ ಮೊದಲು ನಕ್ಕ. "ಡಬ್ಬಾ ಕನೆಕ್ಟ್ ನಹೀಂ ಹೈ ಮೇಡಂ, ಇಸ್‌ಕೋ ಮಾಲೂಮ್ ನಹೀಂ, ಕ್ಯಾಂಟೀನ್ ದೇಖ್ತೀ ಹೈ," ಎಂದ. ಆಮೇಲೆ ಅವಳ ಹತ್ತಿರ ಬಂದು ಹಲ್ಲಿನ ಸಂದಿನಿಂದ ತುಳುವಿನಲ್ಲಿ, ಮೋಹಿನೀ, ಗಂಡ ಮಲಗಿದ್ದಾಗ ನಾನು ಏನು ಮಾಡಿದೆನೆಂದು ನೆನಪಿದೆಯಾ, ಎಂದ. ನೆನಪಿತ್ತು. ಗಂಜಿಯ ಬಿಸಿ ಕೂಡ ನೆನಪಿತ್ತು. ಆ ಋಣ ಸುಳ್ಳಲ್ಲ. ಅದನ್ನು ತೀರಿಸುವುದಕ್ಕೆ ಇನ್ನೊಬ್ಬರ ಬೆರಳು ಕೊಡಲಾಗುವುದಿಲ್ಲ, ಅಷ್ಟೇ.

"ನೆನಪುಂಟು ಪ್ರೇಮಣ್ಣ," ಎಂದಳು ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಡಬ್ಬಿ ಕನೆಕ್ಟ್ ಆಗಿದೆ. ನಾನೇ ಮಾಡಿದ್ದು."

ಪ್ಯಾನೆಲಿನ ಮುಂದೆ ಹೋಗಿ ಬಾಗಿಲ ಮೇಲಿನ ಗುಂಡಿ ಒತ್ತಿ ಮೋಟಾರು ನಿಲ್ಲಿಸಿದಳು, ಮೇನ್ ಸ್ವಿಚ್ ಇಳಿಸಿದಳು. ಸತ್ತ ರಿಲೇಯನ್ನು ಅದು ಕೂತಿದ್ದ ಲೋಹದ ಪಟ್ಟಿಯಿಂದ ಕಿತ್ತು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ದಿಶಾಳ ಕೈಗೆ ಕೊಟ್ಟಳು. ಹುಡುಗಿ ಮೂಸಿದಳು, ಸುಟ್ಟ ವಾಸನೆಗೆ ಮೂಗು ಸುಕ್ಕಾಯಿತು. ಮೋಹಿನಿ ಡಕ್ಟಿನ ಮುಚ್ಚಳ ತೆಗೆದು ಎರಡು ಬೆರಳಿನಿಂದ ಆ ಬೂದು ವೈರನ್ನು ಹೊರಗೆ ಎಳೆದು ತೋರಿಸಿದಳು. "ಇದು ಡ್ರಾಯಿಂಗಿನಲ್ಲಿಲ್ಲ. ಇದಿರುವ ತನಕ ಆ ಹನ್ನೆರಡರಲ್ಲಿ ಯಾವುದನ್ನು ಒತ್ತಿದರೂ ಬೆಲ್ಟು ನಿಲ್ಲುವುದಿಲ್ಲ."

ದಿಶಾ ರಿಲೇ ನೋಡಿದಳು, ವೈರು ನೋಡಿದಳು, ಆಮೇಲೆ ಮೊದಲ ಸಲ ಮೋಹಿನಿಯ ಬೆರಳು ನೋಡಿದಳು. "ಆಪ್ ಕೌನ್?" ಎಂದಳು. ದನಿಯಲ್ಲಿ ಆಂಟಿ ಇರಲಿಲ್ಲ.

"ಈ ಪ್ಯಾನೆಲ್ ಕಟ್ಟಿದವಳು."

"ಲೇಕಿನ್ ಇಧರ್ ತೋ..." ಎಂದು ಅವಳು ಫಾರ್ಮಿನಲ್ಲಿ ಲಕ್ಷ್ಮೀಕಾಂತನ ಹೆಸರು ಇದ್ದ ಸಾಲಿನ ಮೇಲೆ ಪೆನ್ನು ಇಟ್ಟಳು. ಎಲ್ಲರೂ ಲಕ್ಷ್ಮೀಕಾಂತನನ್ನು ನೋಡಿದರು. ಅವನು ಪ್ರೇಮನಾಥನನ್ನು ನೋಡಿದ, ನೆಲ ನೋಡಿದ, ಕೊನೆಗೆ ತಲೆಯೆತ್ತಿ ಮೋಹಿನಿಯ ಮುಖ ನೋಡಿದ. "ಅಕ್ಕಾರದ್ರೀ ಅದು," ಎಂದ. "ನಾ ಬರೇ ಸಹಿ ಮಾಡ್ತೀನ್ರಿ."

ಪ್ರೇಮನಾಥ ಸ್ಟೂಲಿನ ಮೇಲೆ ಕೂತುಬಿಟ್ಟ. ನಾಳೆಯಿಂದ ಈ ಬಾಗಿಲು ನಿನಗಿಲ್ಲ ಎಂದು ಅವನು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದ. ಮೋಹಿನಿ ಆಯಿತು ಎಂದು ತಲೆಯಾಡಿಸಿದಳು. ಹೆದರಿಕೆ ಇತ್ತು, ಯತಿನ್‌ಗೆ ಏನು ಹೇಳಲಿ ಎಂಬುದಿತ್ತು, ಮುಂದಿನ ತಿಂಗಳು ಏನು ಎಂಬುದಿತ್ತು. ಆದರೂ ಮೊಳೆಯ ಮೇಲಿನ ನೀಲಿ ಕೋಟನ್ನು ತೆಗೆದು ಹಾಕಿಕೊಂಡಳು, ಒಂದೊಂದೇ ಗುಂಡಿ ಹಾಕಿದಳು. ಇನ್ಸ್‌ಪೆಕ್ಷನ್ ದಿನ ಅದನ್ನು ಹಾಕಿಕೊಂಡದ್ದು ಇದೇ ಮೊದಲು.

"ಅದನ್ನು ಹೊಡೆದುಹಾಕಿ ಮೇಡಂ," ಎಂದಳು ಫಾರ್ಮು ತೋರಿಸಿ. "ನನ್ನ ಹೆಸರು ಬರೀರಿ. ಮೋಹಿನಿ ಯತಿನ್ ಸಾಲಿಯಾನ್. ಲೂಪ್ ಹಾಕಿದ್ದೂ ನಾನೇ ಎಂದು ಬರೀರಿ."

ದಿಶಾ ಬರೆದಳು. ಬರೆದು ಮುಗಿಸಿ ಫಾರ್ಮು ಮಡಿಸಹೊರಟವಳನ್ನು ಮೋಹಿನಿ ಕೈಯೆತ್ತಿ ತಡೆದಳು.

"ಇನ್ನೂ ಉಂಟು. ನಾಲ್ಕು ವರ್ಷದ ಹಿಂದೆ ಭಿವಂಡಿಯ ಸೈಜಿಂಗ್ ಮಷೀನಿಗೂ ನಾನು ಹೀಗೇ ಒಂದು ಹಾಕಿದ್ದೆ. ಅದನ್ನೂ ಬರೀರಿ."

"ವೋ ತೋ ಹಮಾರಾ ಪ್ಯಾನೆಲ್ ನಹೀಂ ಹೈ," ಎಂದಳು ಹುಡುಗಿ ಮೆಲ್ಲಗೆ. "ಮೈಂ ಕಹಾಂ ಲಿಖೂಂ?"

"ಎಲ್ಲಿಯಾದರೂ ಬರೀರಿ. ಹಿಂದುಗಡೆ ಖಾಲಿ ಇದೆಯಲ್ಲ, ಅಲ್ಲಿ ಬರೀರಿ, ಕೆಳಗೆ ನಾನು ಸಹಿ ಹಾಕುತ್ತೇನೆ. ಅದನ್ನು ಹಿಡಿದುಕೊಂಡು ನಾನೇ ಅಲ್ಲಿಗೆ ಹೋಗುತ್ತೇನೆ. ಸಾಬವ್ವ ಅಂತ ಒಬ್ಬರು ಗುಂಡಿ ಒತ್ತಿದ್ದರು. ಮೂರು ಸಲ ಒತ್ತಿದ್ದರು. ಒತ್ತಿದ್ದರು ಎಂದು ಬರೀರಿ."